ಲೇಬರ್ ಡೇ ಹೊತ್ತಿಗೆ ಕ್ಯಾಂಪಿಂಗ್, ಜೊತೆಗೆ ಅತ್ತೆ ಮಾವ: ಯಾವ ಪಾರ್ಕು ಸರಿ ಹೋಗತ್ತೆ?

ಬೆಣ್ಣೆದೋಸೆ_ಫ್ರೀಮಾಂಟ್

ಎಲ್ರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕ್ಯಾಂಪಿಂಗ್ ಹೋಗಿ ಅಭ್ಯಾಸ ಇರೋರು ದಯವಿಟ್ಟು ಸ್ವಲ್ಪ ಹೇಳಿ. ನಾವು ಇಷ್ಟು ವರ್ಷ ಇಲ್ಲಿದ್ದು ಒಂದ್ ಸಲಾನೂ ಟೆಂಟಲ್ಲಿ ಮಲಗಿಲ್ಲ. ಮಕ್ಕಳಿಗೆ 9 ಮತ್ತೆ 5 ವರ್ಷ, ಸ್ಕೂಲ್ ಶುರುವಾದ್ಮೇಲೆ ವೀಕೆಂಡ್ ಬಿಟ್ರೆ ಬೇರೆ ದಾರಿ ಇಲ್ಲ. ದಾವಣಗೆರೆಯಿಂದ ಅತ್ತೆ ಮಾವ ಬಂದಿದಾರೆ, ಅಕ್ಟೋಬರಲ್ಲಿ ವಾಪಸ್ ಹೊರಡ್ತಾರೆ, ಅಷ್ಟರೊಳಗೆ ಒಂದು ಟ್ರಿಪ್ ಆಗ್ಲಿ ಅಂತ. ಮಾವನಿಗೆ ಬಲೇ ಉತ್ಸಾಹ, ಅತ್ತೆಗೆ ಮಂಡಿ ನೋವು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, "ರಾತ್ರಿ ಬಾತ್‌ರೂಮಿಗೆ ಎಷ್ಟು ದೂರ ನಡೀಬೇಕಮ್ಮಾ?" ನನ್ ಹತ್ರ ಉತ್ತರ ಇರ್ಲಿಲ್ಲ.

ಡೇಟು ಎರಡಿದೆ, ಆಗಸ್ಟ್ 28ರ ವೀಕೆಂಡ್, ಇಲ್ಲಾಂದ್ರೆ ಲೇಬರ್ ಡೇ ಅಂದ್ರೆ ಸೆಪ್ಟೆಂಬರ್ 5ರಿಂದ 7. ಈ ಸಲ ಗಣೇಶನ ಹಬ್ಬ 14ಕ್ಕೆ, ಅದಕ್ಕಿಂತ ಮುಂದೆ ಹೋದ್ರೆ ಅತ್ತೆ ಒಪ್ಪಲ್ಲ. ನಮ್ ಯಜಮಾನ್ರು ಲ್ಯಾಸೆನ್ ಅಂತಿದಾರೆ, ನನಗೆ ಬಿಗ್ ಸರ್ ಮೇಲೆ ಕಣ್ಣು, ಆಫೀಸಲ್ಲಿ ಒಬ್ರು ಕ್ಯಾಲವೆರಸ್ ಬಿಗ್ ಟ್ರೀಸ್ ಅಂದ್ರು. ಬಿಗ್ ಬೇಸಿನ್ ಹತ್ರ ಅಲ್ವಾ, ಅಲ್ಲಿ ಯಾಕೆ ಯಾರೂ ಹೋಗಲ್ಲ?

ಕಾಡುಪಾಪ

ಬಿಗ್ ಬೇಸಿನ್ 2020ರ ಆಗಸ್ಟಲ್ಲಿ ಸಿಡಿಲಿನ ಬೆಂಕಿಗೆ ಸಿಕ್ಕಿ ಹೆಚ್ಚುಕಮ್ಮಿ ಪೂರ್ತಿ ಸುಟ್ಟುಹೋಯ್ತು ಮೇಡಂ. 2022ರಲ್ಲಿ ಹಗಲು ಹೊತ್ತು ನೋಡೋಕೆ ತೆಗೆದ್ರು, ಕ್ಯಾಂಪ್‌ಗ್ರೌಂಡ್‌ಗಳು ಬೆಂಕೀಲಿ ಹೋದ್ವು. ಅದನ್ನ ಲಿಸ್ಟಿಂದ ತೆಗೀರಿ.

ಬಿಗ್ ಸರ್ ಅಂದ್ರೆ ಎಲ್ರಿಗೂ ಕಣ್ಮುಂದೆ ಸಮುದ್ರ ಬರತ್ತೆ, ಆದ್ರೆ ಫೈಫರ್ ಬಿಗ್ ಸರ್ ಕ್ಯಾಂಪ್‌ಗ್ರೌಂಡ್ ಇರೋದು ನದಿ ಪಕ್ಕ ರೆಡ್‌ವುಡ್ ಕಾಡೊಳಗೆ, ಟೆಂಟಿಂದ ಸಮುದ್ರ ಕಾಣಲ್ಲ. ಜಾಗ ಚೆನ್ನಾಗಿದೆ, ಇಲ್ಲ ಅನ್ನಲ್ಲ, ಆದ್ರೆ ಲೇಬರ್ ಡೇಗೆ ಸಿಗೋದು ಕನಸಲ್ಲಿ. ಸ್ಟೇಟ್ ಪಾರ್ಕ್ ಸೈಟ್‌ಗಳು ಆರು ತಿಂಗಳು ಮುಂಚೆ ಬೆಳಿಗ್ಗೆ ಎಂಟಕ್ಕೆ ಓಪನ್ ಆಗ್ತವೆ, ನೀವು ಯೋಚ್ನೆ ಮಾಡೋ ಹೊತ್ತಿಗೆ ಬೇರೆಯವ್ರು ಮಾರ್ಚಲ್ಲೇ ಬುಕ್ ಮಾಡಿ ಮರೆತೂ ಬಿಟ್ಟಿರ್ತಾರೆ. ಹಾಗೆ ಮರೆತವ್ರೇ ಕೊನೇ ವಾರ ನೆನಪಾಗಿ ಕ್ಯಾನ್ಸಲ್ ಮಾಡೋದು, ಅದಕ್ಕೆ ಹೊರಡೋಕೆ ಹತ್ತು ದಿನ ಮುಂಚೆಯಿಂದ ದಿನಾ ಕಾಫಿ ಕುಡಿಯೋವಾಗ ಒಂದ್ಸಲ ನೋಡ್ತಾ ಇರಿ, ನಾನು ಮೂರು ಸಲ ಹಾಗೇ ಹಿಡಿದಿದೀನಿ. ಲ್ಯಾಸೆನ್ ನ್ಯಾಷನಲ್ ಪಾರ್ಕು, ಅದರ ಬುಕಿಂಗ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ, ಅಲ್ಲಿ ಖಾಲಿ ಆದಾಗ ಮೆಸೇಜ್ ಬರೋ ಹಾಗೆ ಇಟ್ಕೋಬಹುದು.

ಇನ್ನ ನಿಮ್ಮ ಮನೆ ಪರಿಸ್ಥಿತಿಗೆ ಲ್ಯಾಸೆನ್ನಾ ಕ್ಯಾಲವೆರಸ್ಸಾ ಅಂದ್ರೆ, ನಾನು ಕ್ಯಾಲವೆರಸ್ ಅಂತೀನಿ, ಯಜಮಾನ್ರಿಗೆ ಬೇಜಾರಾದ್ರೂ ಪರವಾಗಿಲ್ಲ :) ಲ್ಯಾಸೆನ್ನಿನ ಮ್ಯಾನ್ಜನೀಟಾ ಲೇಕ್ 5,900 ಅಡಿ, ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿ ತುದೀಲಿ ಮಲಗಿದ ಹಾಗೆ ಅಂದ್ಕೊಳ್ಳಿ, ಸೆಪ್ಟೆಂಬರ್ ರಾತ್ರಿ 40 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿಗೆ ಇಳಿಯುತ್ತೆ, ಫ್ರೀಮಾಂಟಿಂದ ನಾಲ್ಕೂವರೆ ಗಂಟೆ, ಊಟಕ್ಕೆ ಬಾತ್‌ರೂಮಿಗೆ ನಿಲ್ಲಿಸಿದ್ರೆ ಆರು. ಕ್ಯಾಲವೆರಸ್ ಸುಮಾರು 4,700 ಅಡಿ, ಮೂರು ಗಂಟೆ ದಾರಿ. ದೊಡ್ಡ ಸಿಕ್ವೊಯ ಮರಗಳ ನಾರ್ತ್ ಗ್ರೋವ್ ಟ್ರೇಲ್ ಕ್ಯಾಂಪ್‌ಗ್ರೌಂಡ್ ಪಕ್ಕದಲ್ಲೇ, ಸಮತಟ್ಟಾಗಿದೆ, ಮಂಡಿ ನೋವಿದ್ರೂ ನಿಧಾನಕ್ಕೆ ಹೋಗ್ಬಹುದು. 1853ರಲ್ಲಿ ಕಡಿದ ಒಂದು ಮರದ ಬುಡ ಇದೆ, ಆ ಕಾಲದಲ್ಲಿ ಅದರ ಮೇಲೆ ಜನ ಡ್ಯಾನ್ಸ್ ಮಾಡ್ತಿದ್ರಂತೆ. ನಮ್ಮಪ್ಪ ಅದನ್ನ ನೋಡಿ ಅರ್ಧ ಗಂಟೆ ಮಾತೇ ಆಡ್ಲಿಲ್ಲ, ಆಮೇಲೆ "ಇದರಲ್ಲಿ ಎಷ್ಟು ಮನೆ ಬಾಗಿಲು ಆಗ್ತಿತ್ತೋ" ಅಂದ್ರು.

ಹುಬ್ಳಿ_ಮಂದಿ

ಅಕ್ಕಾರ, ಡೇಟಿನ ಬಗ್ಗೆ ಯಾರೂ ಹೇಳ್ಲಿಲ್ಲ ನೋಡ್ರಿ. ಆಗಸ್ಟ್ 28ಕ್ಕ ಹುಣ್ಣಿಮಿ ಐತಿ, 27ರ ರಾತ್ರಿ ಇಲ್ಲಿಂದ ಚಂದ್ರಗ್ರಹಣಾನೂ ಕಾಣ್ತೈತಿ, ನಿಮ್ಮ ಅತ್ತಿಯವರು ಗ್ರಹಣದ ಮರುದಿನ ಹೊರಡಾಕ ಒಪ್ತಾರೋ ಇಲ್ಲೋ ನೀವ ಕೇಳ್ರಿ. ಆ ವಾರ ಹ್ವಾದ್ರ ರಾತ್ರಿಯೆಲ್ಲಾ ಟ್ಯೂಬ್‌ಲೈಟ್ ಹಚ್ಚಿದಂಗ ಬೆಳದಿಂಗಳು, ಚಿಕ್ಕಿ ಕಾಣೂದಿಲ್ಲ. ಲೇಬರ್ ಡೇ ಅಂದ್ರ ಅಷ್ಟಮಿ ಆದ ಮ್ಯಾಲೆ, ಚಂದ್ರ ಏಳೂದು ಮಧ್ಯರಾತ್ರಿ ಹೊತ್ತಿಗೆ, ಅಲ್ಲೀತನಕ ಕಗ್ಗತ್ತಲಿ, ಹುಡುಗ್ರಿಗೆ ಆಕಾಶಗಂಗಾ ತೋರಸ್ಬಹುದು. ಲ್ಯಾಸೆನ್ ಆಕಾಶ ನೋಡಿದ್ರ ನೀವು ವಾಪಸ್ ಫ್ರೀಮಾಂಟಿಗೆ ಬರಾಕ ಒಲ್ಲೆ ಅಂತೀರಿ. ನನ್ನ ವೋಟು ಯಜಮಾನ್ರ ಕಡೆ.

ಮುದುಕ್ರ ಚಿಂತಿ ಇದ್ರ ಮ್ಯಾನ್ಜನೀಟಾ ಲೇಕಿನ್ಯಾಗ ಸಣ್ಣ ಸಣ್ಣ ಕ್ಯಾಬಿನ್ ಅದಾವ್ರಿ, ಕರೆಂಟಿಲ್ಲ ನೀರಿಲ್ಲ, ಆದ್ರ ಮಂಚ ಐತಿ, ಗ್ಯಾಸಿನ ಹೀಟರ್ ಐತಿ. ಹಿರೇರು ಕ್ಯಾಬಿನ್ನಿನ್ಯಾಗ, ನೀವು ಟೆಂಟಿನ್ಯಾಗ. ಮತ್ತ ಸಲ್ಫರ್ ವರ್ಕ್ಸ್ ಅಂತ ಒಂದು ಜಾಗ, ರೋಡಿನ ಬಾಜೂಕ ಕೆಸರು ಕುದಿಯೂದು ಕಾಣ್ತೈತಿ, ನಡಿಯೂದ ಬ್ಯಾಡ.

ಕಾಡುಪಾಪ

ಕ್ಯಾಬಿನ್ ಐಡಿಯಾ ಒಳ್ಳೇದು, ನಾನು ಮರೆತಿದ್ದೆ. ಸಿಕ್ಕಿದ್ರೆ ಖಂಡಿತ ಹೋಗಿ. ಆದ್ರೆ ಹೊಗೆ ನೆನಪಿರ್ಲಿ. 2021ರ ಡಿಕ್ಸಿ ಬೆಂಕಿ ಲ್ಯಾಸೆನ್ನಿನ ಅರ್ಧಕ್ಕಿಂತ ಜಾಸ್ತಿ ಸುಟ್ಟಿದೆ, ಆಗಸ್ಟ್ ಕೊನೆ ಸೆಪ್ಟೆಂಬರ್ ಅಂದ್ರೆ ಇಲ್ಲಿ ಬೆಂಕಿಯ ಕಾಲ. ಎಲ್ಲಿಗೆ ಹೋದ್ರೂ ಹಿಂದಿನ ದಿನ ಏರ್‌ನೌ ಅನ್ನೋ ಸೈಟಲ್ಲಿ ಗಾಳಿ ಎಷ್ಟು ಶುದ್ಧ ಇದೆ ನೋಡಿ, ಕ್ಯಾಂಪ್‌ಫೈರಿಗೆ ನಿಷೇಧ ಇದೆಯಾ ಅಂತ ಪಾರ್ಕಿನ ಪೇಜ್ ನೋಡಿ. ಕಟ್ಟಿಗೆ ಮನೆಯಿಂದ ಒಯ್ಯಬೇಡಿ, ಕಟ್ಟಿಗೆ ಜೊತೆ ಹುಳ ರೋಗನೂ ಸವಾರಿ ಮಾಡುತ್ತೆ, ಪಾರ್ಕ್ ಹತ್ರಾನೇ ತಗೊಳ್ಳಿ.

ತಿಂಡಿಪೋತಿ

ಎಲ್ರೂ ಚಂದ್ರ ನಕ್ಷತ್ರ ಅಂತಿದೀರಿ, ಊಟದ ಬಗ್ಗೆ ಯಾರೂ ಇಲ್ವಾ! ಎರಡೂ ಕಡೆ ಕರಡಿ ಇದೆ, ಪ್ರತೀ ಸೈಟಲ್ಲೂ ಕಬ್ಬಿಣದ ಪೆಟ್ಟಿಗೆ ಇರುತ್ತೆ, ತಿನ್ನೋದು ಮಾತ್ರ ಅಲ್ಲ, ಟೂತ್‌ಪೇಸ್ಟು, ಸೋಪು, ಕೊಬ್ಬರಿ ಎಣ್ಣೆ, ಮಾವನ ಅಮೃತಾಂಜನ, ವಾಸನೆ ಇರೋದೆಲ್ಲ ಅದ್ರೊಳಗೆ. ಕಾರಲ್ಲಿ ಇಟ್ರೆ ಬಾಗಿಲನ್ನೇ ಕಿತ್ತು ತೆಗೆಯುತ್ತೆ. ನಾವು ಒಂದ್ಸಲ ಒಗ್ಗರಣೆ ಬಾಂಡ್ಲಿ ತೊಳೀದೆ ಹೊರಗೇ ಬಿಟ್ಟು ಮಲಗಿದ್ವಿ, ರಾತ್ರಿ ರೇಂಜರ್ ಟಾರ್ಚ್ ಹಾಕ್ಕೊಂಡು ಬಂದು ಎಬ್ಬಿಸಿ ಬೈದ್ರು, ಕರಡಿಗಿಂತ ಅವ್ರೇ ಭಯ.

ಅಡುಗೆ ಜಾಸ್ತಿ ಇಟ್ಕೋಬೇಡಿ. ಪುಳಿಯೋಗರೆ ಗೊಜ್ಜು, ಹಚ್ಚಿದ ಅವಲಕ್ಕಿ, ಮೊಸರು, ಕುಕ್ಕರಲ್ಲಿ ಬರೀ ಅನ್ನ. ಆಗಸ್ಟ್ ಕೊನೇಲಿ ಹಳದಿ ಕಣಜ ವಿಪರೀತ, ಜ್ಯೂಸು ಹಣ್ಣು ತೆಗೆದ್ರೆ ಸಾಕು ಬರ್ತವೆ, ಮಕ್ಕಳಿಗೆ ಜ್ಯೂಸ್ ಕ್ಯಾನಲ್ಲಿ ಕೊಡಬೇಡಿ, ಒಳಗೆ ಹೋಗಿ ಕೂತಿರ್ತವೆ.

ಬೆಣ್ಣೆದೋಸೆ_ಫ್ರೀಮಾಂಟ್

ಎಷ್ಟೊಂದು ಹೇಳಿದ್ರಿ, ಥ್ಯಾಂಕ್ಸ್. ಗ್ರಹಣ ಅಂದ ತಕ್ಷಣ ಆಗಸ್ಟ್ ಡೇಟ್ ಬಿದ್ದೋಯ್ತು, ಅತ್ತೆ ಒಂದೇ ಮಾತಲ್ಲಿ ಬೇಡ ಅಂದ್ರು. ಕ್ಯಾಬಿನ್ ಒಂದೂ ಖಾಲಿ ಇಲ್ಲ. ಲೇಬರ್ ಡೇಗೆ ಕ್ಯಾಲವೆರಸ್ ನಾರ್ತ್ ಗ್ರೋವಲ್ಲಿ ಏನಾದ್ರೂ ಬಿಟ್ರೆ ಅದರಲ್ಲಿ ಯಾವ ಸೈಟ್ ಹಿಡೀಬೇಕು? ಬಾತ್‌ರೂಮ್ ಎದುರಿಗೇ ಇರೋದು ತಗೊಳ್ಲಾ?

ಕಾಡುಪಾಪ

ಎದುರಿಗೇ ಬೇಡ!! ನಾನು ಮೊದಲ್ನೇ ಸಲ ಅದೇ ತಪ್ಪು ಮಾಡಿದ್ದು, ರಾತ್ರಿಯಿಡೀ ಲೈಟು, ಬಾಗಿಲು ಧಡ್ ಧಡ್, ಊರಿನವರೆಲ್ಲ ನಮ್ಮ ಟೇಬಲ್ ಪಕ್ಕ ಹಾದು ಹೋಗೋದು. ಮ್ಯಾಪ್ ಡೌನ್‌ಲೋಡ್ ಮಾಡಿ ಬಾತ್‌ರೂಮಿಂದ ಎರಡು ಮೂರು ಸೈಟ್ ಆಚೆ ಇರೋದು ನೋಡಿ, ರೋಡಲ್ಲಿ ಬಾತ್‌ರೂಮ್ ಇರೋ ಬದೀಲೇ ಇರ್ಲಿ, ಅತ್ತೆ ಕತ್ತಲಲ್ಲಿ ಬೇರು ಕಲ್ಲು ದಾಟೋ ಹಾಗೆ ಆಗ್ಬಾರ್ದು, ಟಾರ್ ರೋಡಲ್ಲೇ ನಡ್ಕೊಂಡು ಹೋಗೋ ಹಾಗಿರ್ಬೇಕು. ಅತ್ತೆ ಮಾವನಿಗೆ ಹಣೆಗೆ ಕಟ್ಕೊಳ್ಳೋ ಲೈಟ್ ಒಂದೊಂದು ಕೊಡಿ. ಅದೇ ಪಾರ್ಕಲ್ಲಿ ಓಕ್ ಹಾಲೋ ಅಂತ ಇನ್ನೊಂದು ಕ್ಯಾಂಪ್‌ಗ್ರೌಂಡ್ ಇದೆ, ಪ್ರಶಾಂತ, ಆದ್ರೆ ಗುಡ್ಡದ ಮೇಲೆ ಏರಿಳಿತ ಜಾಸ್ತಿ, ದೊಡ್ಡ ಮರಗಳಿಗೆ ಮತ್ತೆ ಕಾರು ತೆಗೀಬೇಕು, ನಿಮಗೆ ನಾರ್ತ್ ಗ್ರೋವೇ ಸರಿ.

ಇನ್ನೊಂದು, ಅತ್ತೆಗೆ ನೆಲದ ಮೇಲಿಂದ ಏಳೋದೇ ದೊಡ್ಡ ಕಷ್ಟ, ನಡೆಯೋದು ಆಮೇಲಿನ ಮಾತು. ಮಡಚೋ ಮಂಚ ತಗೊಳ್ಳಿ, ಅದು ಹಿಡಿಯೋಷ್ಟು ಎತ್ತರದ ಟೆಂಟ್ ತಗೊಳ್ಳಿ, ಖರೀದಿ ಬೇಡ, ಬಾಡಿಗೆಗೆ ಸಿಗುತ್ತೆ. ಹೊರಡೋಕೆ ಮುಂಚೆ ಹಿತ್ತಲಲ್ಲಿ ಒಂದ್ಸಲ ಕಟ್ಟಿ ನೋಡಿ. ಮಂಕಿ ಕ್ಯಾಪ್ ಹೇಗೂ ಊರಿಂದಾನೇ ಬಂದಿರುತ್ತೆ.

ಬೆಣ್ಣೆದೋಸೆ_ಫ್ರೀಮಾಂಟ್

ಅಪ್‌ಡೇಟ್: ಇವತ್ತು ಬೆಳಿಗ್ಗೆ ಯಾರೋ ಪುಣ್ಯಾತ್ಮರು ಕ್ಯಾನ್ಸಲ್ ಮಾಡಿದ್ರು, ನಾರ್ತ್ ಗ್ರೋವ್ ಶನಿವಾರ ಭಾನುವಾರ ಎರಡು ರಾತ್ರಿ ಸಿಕ್ತು! ಬಾತ್‌ರೂಮಿಂದ ನಾಲ್ಕನೇ ಸೈಟ್. ಯಜಮಾನ್ರು ಸ್ವಲ್ಪ ಮುಖ ಊದಿಸ್ಕೊಂಡಿದಾರೆ, ಲ್ಯಾಸೆನ್ ಮುಂದಿನ ವರ್ಷ ಅಂತ ಒಪ್ಪಿಸಿದೀನಿ. ನಿನ್ನೆ ಹಿತ್ತಲಲ್ಲಿ ಟೆಂಟ್ ಕಟ್ಟಿದ್ವಿ, ಮಾವ ಮಕ್ಕಳ ಜೊತೆ ಅಲ್ಲೇ ಮಲಗಿಬಿಟ್ರು, ಬೆಳಿಗ್ಗೆ ಏಳೋವರೆಗೂ ಒಳಗೆ ಬರ್ಲಿಲ್ಲ.

ಕೃಷ್ಣಾಷ್ಟಮಿ ಆದ ಬೆನ್ನಿಗೇ ಹೊರಡ್ತಿರೋದ್ರಿಂದ ಅತ್ತೆ ದೊಡ್ಡ ಡಬ್ಬ ಚಕ್ಕುಲಿ, ಶೇಂಗಾ ಉಂಡೆ ತರ್ತಾರಂತೆ. ಅದನ್ನೂ ಕರಡಿ ಪೆಟ್ಟಿಗೇಲೇ ಇಡ್ಬೇಕಾ, ನೈವೇದ್ಯ ಆಗಿರೋದು ಅಂತ ಕೇಳ್ತಿದಾರೆ.

ತಿಂಡಿಪೋತಿ

ಇಡ್ಲೇಬೇಕು. ನಮ್ ಸೈಟಿಗೂ ಸ್ವಲ್ಪ ಕಳ್ಸಿ, ನಾವೂ ಅದೇ ವೀಕೆಂಡ್ ಓಕ್ ಹಾಲೋದಲ್ಲಿ ಇರ್ತೀವಿ.