ರಿಟೆನ್ಷನ್ ಗ್ರಾಫ್ ನೋಡಿ ಪಾಠದ ವಿಡಿಯೊ ತಿದ್ದಿದವರು ದಯವಿಟ್ಟು ಅನುಭವ ತಿಳಿಸಿ

ತುಮಕೂರಿನ ವಾಣಿಜ್ಯ ಉಪನ್ಯಾಸಕ:
ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡಿ 36 ವಿಡಿಯೊಗಳನ್ನು ಯೂಟ್ಯೂಬ್‌ಗೆ ಹಾಕಿದ್ದೇನೆ. ಒಂದೊಂದೂ ಸುಮಾರು 40 ನಿಮಿಷವಿದೆ. ಯಾವ ನಿಮಿಷದಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದಾರೆಂದು ತೋರಿಸುವ ಯೂಟ್ಯೂಬ್ ಸ್ಟುಡಿಯೊದ ರಿಟೆನ್ಷನ್ ಗ್ರಾಫ್ ಪ್ರಕಾರ ಏಳನೆಯ ನಿಮಿಷದ ಹೊತ್ತಿಗೆ ಅರ್ಧದಷ್ಟು ಜನ ಎದ್ದು ಹೋಗಿರುತ್ತಾರೆ. ಆದರೆ ಬ್ಯಾಂಕ್ ರಿಕನ್ಸಿಲಿಯೇಷನ್ (ಕ್ಯಾಶ್‌ಬುಕ್ಕನ್ನು ಪಾಸ್‌ಬುಕ್ಕಿಗೆ ತಾಳೆ ಹಾಕುವ) ಪಾಠದಲ್ಲಿ 23ನೆಯ ನಿಮಿಷದ ಹತ್ತಿರ ಗೆರೆ ಇದ್ದಕ್ಕಿದ್ದಂತೆ ಗೋಪುರದ ಹಾಗೆ ಮೇಲೆದ್ದಿದೆ. ಇದ್ದ ವಿಡಿಯೊಗಳನ್ನೇ ತುಂಡರಿಸಲೇ, ಹೊಸದಾಗಿ ಮಾಡಲೇ? ಆ ಗೋಪುರವನ್ನು ಮೆಚ್ಚುಗೆ ಎಂದುಕೊಳ್ಳಲೇ, ಗೊಂದಲ ಎಂದುಕೊಳ್ಳಲೇ?

ಧಾರವಾಡದ ಭೌತಶಾಸ್ತ್ರ ಅಧ್ಯಾಪಕಿ:
ತುಂಡರಿಸುವ ಮೊದಲು ನನ್ನ ಕಥೆಯನ್ನು ಪೂರ್ತಿ ಓದಿ. ಎಡೆಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ನಾಲ್ಕು ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವನ್ನು ಎಲ್ಲರಂತೆ ನಾನೂ ಓದಿದೆ; ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುವ ಅವಧಿಯ ಮಧ್ಯಾಂಕ ಆರು ನಿಮಿಷ ದಾಟುವುದಿಲ್ಲ ಎಂಬ ಒಂದೇ ಮಾತು ತಲೆಯಲ್ಲಿ ಕೂತಿತು. ನನ್ನ 31 ಉಪನ್ಯಾಸಗಳನ್ನು 148 ತುಂಡು ಮಾಡಿಸಿದೆ. ತುಂಡಿಗೆ 350 ರೂಪಾಯಿಯಂತೆ ಎಡಿಟರ್‌ಗೆ 51,800 ರೂಪಾಯಿ ಕೊಟ್ಟೆ. ಯೂಟ್ಯೂಬಿನಲ್ಲಿ ಹಳೆಯ ವಿಡಿಯೊ ಇದ್ದ ಜಾಗದಲ್ಲೇ ಹೊಸದನ್ನು ಕೂರಿಸಲು ಬರುವುದಿಲ್ಲವಾದ್ದರಿಂದ ಎಲ್ಲವನ್ನೂ ಹೊಸದಾಗಿ ಏರಿಸಿ, ಹಳೆಯವನ್ನು ಅಳಿಸಿದೆ. ಮೂರು ವರ್ಷ ಮಕ್ಕಳು ಕೇಳಿದ ಪ್ರಶ್ನೆಗಳೂ ನಾನು ರಾತ್ರಿ ಕೂತು ಬರೆದ ಉತ್ತರಗಳೂ ಹಳೆಯ ವಿಡಿಯೊಗಳ ಜೊತೆಗೇ ಹೋದವು.

ಗ್ರಾಫ್ ಮಾತ್ರ ಬಹಳ ಚೆನ್ನಾಗಿ ಕಂಡಿತು. ಒಂದು ವಿಡಿಯೊದಲ್ಲಿ ಸರಾಸರಿ ನೋಡುವ ಭಾಗ ಶೇಕಡಾ 31ರಿಂದ 68ಕ್ಕೇರಿತು. ಆದರೆ ಆರು ನಿಮಿಷದಲ್ಲಿ ಶೇಕಡಾ 68 ಎಂದರೆ ನಾಲ್ಕು ನಿಮಿಷ; ಮೊದಲು ಅದೇ ಮಕ್ಕಳು ಹನ್ನೆರಡು ಹದಿಮೂರು ನಿಮಿಷ ಕೂರುತ್ತಿದ್ದರು. ಲೋಲಕದ ಆವರ್ತಕಾಲದ ಸೂತ್ರವನ್ನು ಸಾಧಿಸುವುದು ಎರಡು ತುಂಡಿಗೆ ಹಂಚಿಹೋಗಿ, ಬಲದ ಸಮೀಕರಣ ಒಂದರಲ್ಲಿ, ಉತ್ತರ ಇನ್ನೊಂದರಲ್ಲಿ ಆಯಿತು. ಕಿರುಪರೀಕ್ಷೆಯ ಅಂಕಗಳು ಇದ್ದಲ್ಲೇ ಇವೆ.

ಮೈಸೂರಿನ ಕೋರ್ಸ್ ವಿನ್ಯಾಸಕ:
ಮೇಡಂ, ಆ ಅಧ್ಯಯನವನ್ನು ತಾವು ಅರ್ಧ ಓದಿದ್ದೀರಿ. ತರಗತಿಯಲ್ಲಿ ಚಿತ್ರೀಕರಿಸಿದ ಉಪನ್ಯಾಸವನ್ನು ಆಮೇಲೆ ಎಷ್ಟೇ ಸಣ್ಣದಾಗಿ ಕತ್ತರಿಸಿದರೂ ಅದು ಜನರನ್ನು ಅಷ್ಟಾಗಿ ಹಿಡಿದಿಡುವುದಿಲ್ಲ ಎಂದು ಅದರಲ್ಲೇ ಇದೆ. ಸಣ್ಣ ವಿಡಿಯೊ ಬೇಕಿದ್ದರೆ ಪಾಠವನ್ನೇ ಸಣ್ಣ ಘಟಕಗಳಾಗಿ ಯೋಚಿಸಿ, ಹಾಗೆಯೇ ಚಿತ್ರೀಕರಿಸಬೇಕು.

ಗೋಪುರದ ವಿಚಾರ ನನಗೆ ಚೆನ್ನಾಗಿ ಗೊತ್ತು. ನನ್ನ ಸಂಖ್ಯಾಶಾಸ್ತ್ರದ ವಿಡಿಯೊದಲ್ಲಿ 11 ನಿಮಿಷ 40 ಸೆಕೆಂಡಿನ ಹತ್ತಿರ ಗೆರೆ ಶೇಕಡಾ ನೂರನ್ನು ದಾಟಿತ್ತು. ಅಲ್ಲೊಂದು ನಗೆಮಾತು ಹೇಳಿದ್ದೆ, ಮಕ್ಕಳಿಗೆ ಅದು ಇಷ್ಟವಾಗಿದೆ ಎಂದು ಎಂಟು ತಿಂಗಳು ಬೀಗಿದೆ. ಒಂದು ದಿನ ಅಕ್ಕನ ಮಗಳು ಪಕ್ಕದಲ್ಲೇ ಕೂತು ಅದೇ ವಿಡಿಯೊ ನೋಡುತ್ತಿದ್ದಳು. ಕೋಷ್ಟಕ ಬಂತು, ಅವಳು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಹೋಯಿತು. ಹೆಬ್ಬೆರಳಿನಿಂದ ಹಿಂದಕ್ಕೆಳೆದಳು, ಮತ್ತೆ ತಪ್ಪಿತು, ಮತ್ತೆ ಎಳೆದಳು. ನಾಲ್ಕನೆಯ ಸಲಕ್ಕೆ ಸರಿಯಾದ ಜಾಗದಲ್ಲಿ ನಿಲ್ಲಿಸಿ, ತುಟಿ ಕಚ್ಚಿಕೊಂಡು ನೋಟ್‌ಬುಕ್ಕಿಗೆ ಇಳಿಸಿದಳು. ನನ್ನ ನಗೆಮಾತಿಗೆ ಅವಳು ನಗಲೂ ಇಲ್ಲ. ಹೀಗೆ ಹಿಂದಕ್ಕೆಳೆದು ಮತ್ತೆ ಮತ್ತೆ ನೋಡಿದ್ದೆಲ್ಲ ಸೇರಿಯೇ ಗೆರೆ ನೂರು ದಾಟಿದ್ದು. ಕೋಷ್ಟಕ ಪರದೆಯ ಮೇಲೆ ಇದ್ದದ್ದು ನಾಲ್ಕೇ ಸೆಕೆಂಡು. ಅದೇ 2014ರಲ್ಲಿ 862 ವಿಡಿಯೊಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಇಂಥ ಶಿಖರಗಳ ಪೈಕಿ ಶೇಕಡಾ 61ರಲ್ಲಿ, ಸ್ವಲ್ಪ ಮೊದಲೋ ಆಮೇಲೋ ಪರದೆಯ ದೃಶ್ಯ ಬದಲಾಗಿತ್ತು. ನಾನು ಆ ಭಾಗವನ್ನು ಮಾತ್ರ ಮತ್ತೆ ಚಿತ್ರೀಕರಿಸಿ ಕೋಷ್ಟಕವನ್ನು ಪರದೆಯ ಮೂಲೆಯಲ್ಲಿ ಕೊನೆಯವರೆಗೂ ಉಳಿಸಿದೆ. ಖರ್ಚು ಒಂದು ಮಧ್ಯಾಹ್ನ.

ಕಲಬುರಗಿಯ ತರಬೇತಿ ಕೇಂದ್ರದವನು:
ನೀವೆಲ್ಲ ಪುಕ್ಕಟೆ ಗ್ರಾಫ್ ನೋಡಿದವರು. ನಾನು ಒಬ್ಬೊಬ್ಬ ವಿದ್ಯಾರ್ಥಿಯ ಲೆಕ್ಕ ಬೇಕೆಂದು ಒಂದು ಕಂಪನಿಯ ವೇದಿಕೆಗೆ ತಿಂಗಳಿಗೆ 6,500 ರೂಪಾಯಿಯಂತೆ 14 ತಿಂಗಳು ಕಟ್ಟಿದೆ. ಜಿಎಸ್‌ಟಿ ಸೇರಿ 1,07,380 ರೂಪಾಯಿ. ಶೇಕಡಾ 90 ನೋಡಿದವರಿಗಷ್ಟೇ ಪ್ರಮಾಣಪತ್ರ ಎಂಬ ನಿಯಮವನ್ನು ನಾನೇ ಹಾಕಿದ್ದೆ. ಮರುವಾರದಿಂದ ಗ್ರಾಫ್ ಸಿಮೆಂಟ್ ರಸ್ತೆಯಂತೆ ಸಪಾಟಾಯಿತು! ಹುಡುಗರು ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ, ದನಿ ಮುಚ್ಚಿ, ಪಾಠ ಹಚ್ಚಿ ಮಲಗುತ್ತಿದ್ದರು. ನಿಜವಾಗಿ ಓದುವವರು ವಿಡಿಯೊ ಇಳಿಸಿಕೊಂಡು, ಕರೆಂಟು ನೆಟ್ಟು ಇಲ್ಲದ ಹೊತ್ತಿನಲ್ಲಿ ನೋಡುತ್ತಿದ್ದರು. ಆ ವೇದಿಕೆಯ ಲೆಕ್ಕದಲ್ಲಿ ಅವರೆಲ್ಲರೂ ಸೊನ್ನೆ. ಅದನ್ನು ನಂಬಿ ನಾನು ಒಬ್ಬ ಒಳ್ಳೆಯ ಹುಡುಗನಿಗೆ ಫೋನ್ ಮಾಡಿ ಬೈದೆ.

ಧಾರವಾಡದ ಭೌತಶಾಸ್ತ್ರ ಅಧ್ಯಾಪಕಿ:
ಮೈಸೂರಿನವರೇ, ನಾನು ಅರ್ಧ ಓದಿದ್ದೇನೆ ಎಂದು ಹೇಳಲು ತಾವು ಅಲ್ಲಿ ಕೂತು ನೋಡಿದ್ದಿರೇ? ಎಂಟು ತಿಂಗಳು ತಮ್ಮ ಹಾಸ್ಯಕ್ಕೇ ಮರುಳಾಗಿದ್ದವರಿಂದ ಓದುವ ಪಾಠ ನನಗೆ ಬೇಕಿಲ್ಲ.

ಬಳ್ಳಾರಿಯ ಇಂಜಿನಿಯರಿಂಗ್ ಅಧ್ಯಾಪಕ:
ಆರು ನಿಮಿಷ, ನಾಲ್ಕು ಸೆಕೆಂಡು ಎಂದು ಜಗಳವಾಡುವವರು ಎನ್‌ಪಿಟಿಇಎಲ್ ಎಂಬ ಪುಕ್ಕಟೆ ಆನ್‌ಲೈನ್ ಪಾಠಗಳ ಕಡೆ ಒಮ್ಮೆ ನೋಡಬೇಕು. ಐಐಟಿಗಳೂ ಐಐಎಸ್‌ಸಿಯೂ 2003ರಲ್ಲಿ ಶುರು ಮಾಡಿದ ಆ ಯೋಜನೆಯಲ್ಲಿ ಒಂದೊಂದು ತಾಸಿನ ಉಪನ್ಯಾಸಗಳಿದ್ದವು. ಗೇಟ್ ಪರೀಕ್ಷೆಗೆ ಅವನ್ನೇ ನೋಡಿ ಪಾಸಾದವರಲ್ಲಿ ನಾನೂ ಒಬ್ಬ. ಕೂರುವವನಿಗೆ ಉದ್ದ ಲೆಕ್ಕಕ್ಕಿಲ್ಲ.

ಮೈಸೂರಿನ ಕೋರ್ಸ್ ವಿನ್ಯಾಸಕ:
ತಾವು ಕೂತಿರಿ, ಪಾಸಾದಿರಿ, ಇಲ್ಲಿ ಬಂದು ಬರೆದಿರಿ. ಎದ್ದು ಹೋದವರು ಇಲ್ಲಿಗೆ ಬಂದು ಬರೆಯುವುದಿಲ್ಲವಲ್ಲ! ಜೊತೆಗೆ, ಎದ್ದು ಹೋಗುವುದೆಲ್ಲ ಸೋಲೂ ಅಲ್ಲ. ನಾನು ಹೇಳಿದ ಎರಡನೆಯ ಅಧ್ಯಯನದಲ್ಲಿ, ಮೊದಲ ಬಾರಿ ನೋಡುವವರಿಗಿಂತ ಮತ್ತೊಮ್ಮೆ ನೋಡಲು ಬಂದವರೇ ಹೆಚ್ಚಾಗಿ ನಡುವೆ ಬಿಟ್ಟು ಹೋಗುತ್ತಾರೆ. ಬೇಕಾದ ಜಾಗವನ್ನಷ್ಟೇ ನೋಡಿ ಹೊರಡುತ್ತಾರೆ. ತುಮಕೂರಿನವರ ಗ್ರಾಫಿನಲ್ಲಿ ಈ ಎರಡು ಬಗೆಯವರೂ ಬೆರೆತಿದ್ದಾರೆ.

ಉಡುಪಿಯ ಪ್ರೌಢಶಾಲಾ ಶಿಕ್ಷಕಿ:
ಒಬ್ಬೊಬ್ಬರ ಲೆಕ್ಕ ಸಿಗುವುದು ವರವೆಂದು ಯಾರೂ ಭಾವಿಸಬಾರದು. ನಮ್ಮ ಶಾಲೆಯ ಆ್ಯಪ್‌ನಲ್ಲಿ ಯಾವ ಮಗು ಎಷ್ಟು ಹೊತ್ತಿಗೆ ಪಾಠ ನೋಡಿತೆಂದು ಹೆಸರು ಸಮೇತ ಕಾಣುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ರಾತ್ರಿ ಹನ್ನೊಂದರ ಮೇಲೆ ನೋಡುತ್ತಾಳೆ ಎಂದು ಪೋಷಕರ ಸಭೆಯಲ್ಲಿ ಅವಳ ತಾಯಿಗೆ ಹೇಳಿಬಿಟ್ಟೆ. ಮನೆಯಲ್ಲಿದ್ದದ್ದು ಒಂದೇ ಫೋನು, ಅದು ತಂದೆಯ ಜೊತೆ ಹತ್ತೂವರೆಗೆ ಮನೆಗೆ ಬರುತ್ತಿತ್ತು. ತಾಯಿ ತಲೆ ತಗ್ಗಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರನ್ನು ಮಕ್ಕಳೆಂದೇ ಕರೆಯುತ್ತದೆ. ಪಿಯುಸಿಯ ಹೆಚ್ಚಿನವರು ಅದರೊಳಗೇ ಬರುತ್ತಾರೆ.

ಕಲಬುರಗಿಯ ತರಬೇತಿ ಕೇಂದ್ರದವನು:
ನನ್ನ ವಿದ್ಯಾರ್ಥಿಗಳೆಲ್ಲ ಪದವಿ ಮುಗಿಸಿದವರು, ಮೇಡಂ. ಕಾಯ್ದೆಯನ್ನು ನನ್ನ ಕಡೆ ತೋರಿಸಬೇಡಿ.

ಉಡುಪಿಯ ಪ್ರೌಢಶಾಲಾ ಶಿಕ್ಷಕಿ:
ಫೋನ್ ಮಾಡಿ ಬೈಸಿಕೊಂಡ ಆ ಹುಡುಗನಿಗೂ ಹಾಗೆಯೇ ಅನಿಸಿದೆಯೇ ಎಂದು ಒಮ್ಮೆ ಕೇಳಿ ನೋಡಿ.

ತುಮಕೂರಿನ ವಾಣಿಜ್ಯ ಉಪನ್ಯಾಸಕ:
23ನೆಯ ನಿಮಿಷವನ್ನು ಈಗಷ್ಟೇ ನೋಡಿದೆ. ಕ್ಯಾಶ್‌ಬುಕ್ಕನ್ನೂ ಪಾಸ್‌ಬುಕ್ಕನ್ನೂ ಅಕ್ಕಪಕ್ಕ ಬರೆದ ಬೋರ್ಡಿನ ಮುಂದೆ ನಾನೇ ಅಡ್ಡ ನಿಂತಿದ್ದೇನೆ. ಪಕ್ಕಕ್ಕೆ ಸರಿದು ಆರೇಳು ಸೆಕೆಂಡಿಗೆಲ್ಲ ಬೋರ್ಡ್ ಒರೆಸಿದ್ದೇನೆ. ಆ ಒಂದು ಲೆಕ್ಕವನ್ನು ಭಾನುವಾರ ಬೇರೆಯಾಗಿ ಚಿತ್ರೀಕರಿಸುತ್ತೇನೆ. ಉಳಿದ 35ಕ್ಕೆ ಸದ್ಯ ಕೈ ಹಾಕುವುದಿಲ್ಲ.

ಧಾರವಾಡದ ಭೌತಶಾಸ್ತ್ರ ಅಧ್ಯಾಪಕಿ:
ಹಾಕಿದರೂ ಮೂಲ ಕಡತಗಳನ್ನು ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಸರ್. ನನ್ನ 31ರಲ್ಲಿ 9 ಎಡಿಟರ್ ಬಳಿಯೇ ಉಳಿದವು, ಅವರೀಗ ಫೋನ್ ಎತ್ತುವುದಿಲ್ಲ.