‘ನಿಂತ ಆಟಿಕೆ’ ಎನ್ನಬಹುದೇ? ಒಂದು ಪದಕ್ಕಾಗಿ ಕೋರಿಕೆ

ಬಳಗದ ಮಿತ್ರರಿಗೆ ನಮಸ್ಕಾರ.

ತುಮಕೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಈ ಸಲ ದಸರೆಯ ಗೊಂಬೆಗಳ ಪಕ್ಕಕ್ಕೆ ಒಂದು ಮೇಜು ಹಾಕಿ ಹಳೆಯ ಆಟಿಕೆಗಳನ್ನೂ ಜೋಡಿಸಿದ್ದೆವು. ಕಂಪನಿಗಳು ತಯಾರಿಸುವುದನ್ನು ಬಿಟ್ಟು ವರ್ಷಗಳಾಗಿದ್ದರೂ, ಅವುಗಳ ಮೇಲೆ ಮನಸ್ಸಿಟ್ಟವರು ಬಿಡಿಭಾಗಗಳನ್ನು ಹುಡುಕಿ, ರಿಪೇರಿ ಮಾಡಿ, ಸಿಗದಿದ್ದದ್ದನ್ನು ತಾವೇ ತಯಾರಿಸಿಕೊಂಡು ಉಳಿಸಿಕೊಂಡು ಬಂದಿರುವ ಆಟಿಕೆಗಳವು. ವಿವರದ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ‘ನಿಂತ ಆಟಿಕೆಗಳು’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಓದಿ, ಮೇಜಿನ ಆ ತುದಿಯಿಂದ ಈ ತುದಿಯವರೆಗೆ ನೋಡಿ, “ಕೂತಿರೋವು ಎಲ್ಲಿವೆ ಸಾರ್?” ಎಂದು ಕೇಳಿದಳು. ಚೀಟಿಯನ್ನು ಅಲ್ಲೇ ಕಿತ್ತೆ.

ತಪ್ಪು ಅವಳದಲ್ಲ. ಮಳೆಯೂ ನಿಲ್ಲುತ್ತದೆ, ಹುಡುಗನೂ ನಿಲ್ಲುತ್ತಾನೆ; ಮಳೆ ನಿಂತರೆ ಮುಗಿಯಿತು ಎಂದರ್ಥ, ಹುಡುಗ ನಿಂತರೆ ಅದು ಭಂಗಿ. ಗೊಂಬೆಗೆ ಕೈಕಾಲುಗಳಿರುವುದರಿಂದ ಓದುವವರ ಮನಸ್ಸು ಭಂಗಿಯ ಕಡೆಗೇ ಓಡುತ್ತದೆ. ‘ನಿಂತುಹೋದ’ ಎಂದು ತಿದ್ದಿದರೆ ಭಂಗಿಯ ಗೊಂದಲವೇನೋ ಹೋಗುತ್ತದೆ, ಆದರೆ ಕೀಲಿ ಕೊಟ್ಟು ಬಿಡುವ ಕಾರು ಕೆಟ್ಟು ನಿಂತಿದೆ ಎಂಬ ಹೊಸ ಅರ್ಥ ಬಂದು ಕೂರುತ್ತದೆ. ಮಿತ್ರರೊಬ್ಬರು ಸೂಚಿಸಿದ ‘ಕೈಬಿಟ್ಟ ಆಟಿಕೆ’ ಇದಕ್ಕಿಂತಲೂ ತೊಡಕಿನದು. ‘ಬರೆದ ಹುಡುಗ’, ‘ಬರೆದ ಕಾಗದ’, ‘ಬರೆದ ಪೆನ್ನು’ ಮೂರಕ್ಕೂ ಒಂದೇ ಕೃದಂತ ಸಾಕಾಗುವ ನಮ್ಮ ನುಡಿಯಲ್ಲಿ, ಕೈಬಿಟ್ಟವರು ಯಾರೆಂಬುದನ್ನು ಆ ರೂಪ ತಾನಾಗಿ ಹೇಳುವುದಿಲ್ಲ. ಓದುವವರು ಸಹಜವಾಗಿ ಮಗುವೇ ಎಸೆದು ಹೋದದ್ದು ಎಂದುಕೊಳ್ಳುತ್ತಾರೆ. ನಮಗೆ ಬೇಕಾದದ್ದು ನೇರ ವಿರುದ್ಧ: ಮಾಡುವವರು ಬಿಟ್ಟದ್ದು, ಆಡುವವರು ಬಿಡದೇ ಇದ್ದದ್ದು.

ಪತ್ರಿಕೆಗಳಲ್ಲಿ ಸಿದ್ಧವಾಗಿ ಸಿಗುವ ‘ಸ್ಥಗಿತ’ವನ್ನೂ ಯೋಚಿಸಿದೆ. ಕಾಮಗಾರಿ ಸ್ಥಗಿತ ಎಂದಾಗ ನಾಳೆ ಹಣ ಬಂದರೆ ಮುಂದುವರಿದೀತು ಎಂಬ ಆಸೆ ಆ ಪದದೊಳಗೇ ಇರುತ್ತದೆ. ಡೆನ್ಮಾರ್ಕಿನ ಲೆಗೋ ಕಂಪನಿಯ ಬಯೋನಿಕಲ್ ಎಂಬ ಕೀಲುಗೊಂಬೆಗಳ ಚರಿತ್ರೆಗೆ ಈ ಪದ ಸ್ವಲ್ಪ ದೂರ ಹೊಂದುತ್ತದೆ. 2001ರಲ್ಲಿ ಮಾರುಕಟ್ಟೆಗೆ ಬಂದ ಅವು 2010ರಲ್ಲಿ ನಿಂತವು, 2015ರಲ್ಲಿ ಮತ್ತೆ ಬಂದವು, 2016ರಲ್ಲಿ ಮತ್ತೆ ನಿಂತವು. 2023ರಲ್ಲಿ ಇಂತಿಷ್ಟು ಮೊತ್ತದ ಖರೀದಿಗೆ ಉಚಿತವೆಂದು ಕೊಟ್ಟ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಅವುಗಳ ನೆನಪನ್ನಷ್ಟೇ ಇಟ್ಟಿದ್ದರು. ಹೀಗಾಗಿ ಮೊದಲನೆಯ ನಿಲುಗಡೆಯನ್ನು ಸ್ಥಗಿತ ಎನ್ನಲು ಅಡ್ಡಿಯಿಲ್ಲ. ಎರಡನೆಯದಕ್ಕೂ ಅದೇ ಪದ ಹಾಕಿದರೆ ಅಭಿಮಾನಿಗಳಿಗೆ ಸುಳ್ಳು ಆಸೆ ಹುಟ್ಟಿಸಿದಂತಾಗುತ್ತದೆ. (‘ಅಭಿಮಾನಿ’ ಎಂದೊಡನೆ ಕಟೌಟು, ಹಾಲಿನ ಅಭಿಷೇಕ ಕಣ್ಣಿಗೆ ಕಟ್ಟುವುದರಿಂದ ಆ ಪದವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ‘ಖಯಾಲಿಯವರು’ ಎಂದರೆ ನಮ್ಮ ಕಡೆ ಚೆನ್ನಾಗಿ ತಿಳಿಯುತ್ತದೆ. ಅದನ್ನು ಇನ್ನೊಮ್ಮೆ ಚರ್ಚಿಸೋಣ.)

ನನಗೆ ಹೆಚ್ಚು ಹಿಡಿಸಿದ್ದು ‘ಅಚ್ಚು ನಿಂತ ಆಟಿಕೆ’. ಬೆಲ್ಲದ ಅಚ್ಚಿನಿಂದ ಪುಸ್ತಕದ ಅಚ್ಚಿನವರೆಗೆ ಒಂದೇ ರೂಪವನ್ನು ಮತ್ತೆ ಮತ್ತೆ ತೆಗೆಯುವ ಕೆಲಸಕ್ಕೆಲ್ಲ ಒದಗುವ ಪದ ಇದು, ಇಲ್ಲಿ ನಿಂತದ್ದು ಯಾವುದೆಂಬುದೂ ಸ್ಪಷ್ಟ. ಆದರೆ ಡಿಂಕಿ ಕಾರುಗಳ ಚೀಟಿ ಬರೆಯಲು ಕುಳಿತಾಗ ಇದೂ ಕೈಕೊಟ್ಟಿತು. ಫ್ರಾಂಕ್ ಹಾರ್ನ್‌ಬಿಯವರ ಮೆಕ್ಯಾನೋ ಕಂಪನಿ 1934ರಿಂದ ಡಿಂಕಿ ಎಂಬ ಹೆಸರಿನಲ್ಲಿ ಮಾರಿದ ಈ ಎರಕದ ಕಾರುಗಳು, ಲಿವರ್‌ಪೂಲಿನ ಬಿನ್ಸ್ ರಸ್ತೆಯ ಕಾರ್ಖಾನೆ 1979ರಲ್ಲಿ ಮುಚ್ಚಿದಾಗ ಅಲ್ಲಿಗೆ ನಿಂತವು. ಆದರೆ ಅದಕ್ಕೆ ಮೊದಲೇ ಕೆಲವು ಅಚ್ಚುಗಳು ಭಾರತಕ್ಕೆ ಬಂದು, ಕಲ್ಕತ್ತದಲ್ಲಿ ನಿಕ್ಕಿ ಎಂಬ ಹೆಸರಿನ ಕಾರುಗಳನ್ನು ಹೊರತಂದವು. ಆಟಿಕೆ ಅಲ್ಲಿ ನಿಂತಿತು, ಅಚ್ಚು ಇಲ್ಲಿ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಡಿಂಕಿಗಳದು ಇನ್ನೊಂದು ಕಥೆ. ಸತುವಿನ ಮಿಶ್ರಲೋಹಕ್ಕೆ ಸೀಸ ಬೆರೆತು ಹೋಗಿದ್ದರಿಂದ ಅವುಗಳಲ್ಲಿ ಹಲವು ಕಪಾಟಿನಲ್ಲಿ ಇಟ್ಟಲ್ಲೇ ಬಿರುಕು ಬಿಟ್ಟು ಪುಡಿಯಾಗುತ್ತವೆ. ಅವುಗಳನ್ನು ಉಳಿಸುವ ದಾರಿ ಖಯಾಲಿಯವರಿಗೂ ಗೊತ್ತಿಲ್ಲ. ಉಳಿದವಕ್ಕೆ ರಬ್ಬರಿನ ಚಕ್ರಗಳನ್ನು ಹೊಸದಾಗಿ ಮಾಡಿ ಮಾರುವವರು ಇಂದಿಗೂ ಇದ್ದಾರೆ.

ಇನ್ನು ಉಳಿಸುವ ಕೆಲಸದ ಹೆಸರು. ನನ್ನ ಅಕ್ಕನ ಮಗನ ಬಳಿ, ಅವನ ದೊಡ್ಡಪ್ಪ ಸಿಂಗಪುರದಿಂದ ತಂದುಕೊಟ್ಟ ಬಯೋನಿಕಲ್ ಗೊಂಬೆಯೊಂದಿದೆ. 2007ರ ಸುಮಾರಿನ ಪೆಟ್ಟಿಗೆಗಳಲ್ಲಿ ಬಂದ ನಿಂಬೆಹಸಿರು ಬಣ್ಣದ ಕೀಲುಗಳು ಬೇಗ ಸೀಳುತ್ತವೆ ಎಂಬುದು ಸಂಗ್ರಹಿಸುವವರಿಗೆಲ್ಲ ಗೊತ್ತಿರುವ ಸಂಗತಿ. ಅವನು ನನ್ನ ಮುಂದೆಯೇ ಮೊಣಕೈಯ ಗುಂಡನ್ನು ಅದರ ಬಟ್ಟಲಿಗೆ ಒತ್ತಿದ. ಉಗುರು ಮುರಿದಷ್ಟೇ ಸದ್ದಾಯಿತು, ಬಟ್ಟಲಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಬೈಯಲಿಲ್ಲ, ಬೇಸರಿಸಲಿಲ್ಲ. ಇನ್ನೊಂದು ಮುರುಕು ಗೊಂಬೆಯಿಂದ ಬೂದು ಬಣ್ಣದ ಕೀಲನ್ನು ಬಿಡಿಸಿ ಇದಕ್ಕೆ ಕೂರಿಸಿ, “ಕಸಿ ಕಟ್ಟಿದೆ ಮಾವ” ಎಂದ.

ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ತಾಯಿಮರದಿಂದ ಕಡ್ಡಿ ತಂದು ಸಿದ್ದು ಎಂಬ ಹಲಸಿನ ತಳಿಯನ್ನು ಹಬ್ಬಿಸಿದ ಜಿಲ್ಲೆಯ ಹುಡುಗನಿಗೆ ಈ ಪದ ಹೊಳೆದದ್ದು ಆಶ್ಚರ್ಯವಲ್ಲ. ಆದರೂ ಒಂದು ತಕರಾರಿದೆ. ಹಲಸಿನಲ್ಲಿ ಹಣ್ಣಿನ ಗುಣ ಮೇಲೆ ಕಟ್ಟಿದ ಕಡ್ಡಿಯದು, ಕೆಳಗಿನ ಬುಡಕ್ಕೆ ಹೆಸರಿಲ್ಲ. ಗೊಂಬೆಯಲ್ಲಿ ಬುಡದ್ದೇ ಹೆಸರು, ಹೊಸದಾಗಿ ಸೇರಿದ ಕೀಲು ಅನಾಮಧೇಯ. ಅರ್ಥ ತಿರುವುಮುರುವಾದರೂ ಕೇಳಿದೊಡನೆ ತಿಳಿಯುವುದರಿಂದ, ಒಂದರ ಭಾಗವನ್ನು ಇನ್ನೊಂದಕ್ಕೆ ಕೂರಿಸುವ ಕೆಲಸಕ್ಕೆ ‘ಕಸಿ’ಯನ್ನೇ ಇಟ್ಟುಕೊಳ್ಳಲು ನನ್ನ ಒಲವಿದೆ. ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರದ ಮೇಲೆ ಪದರವಾಗಿ ಹೊಸ ಕೀಲನ್ನೇ ತೆಗೆಯುವುದು ಮಾತ್ರ ಕಸಿಯಲ್ಲ; ಅಲ್ಲಿ ಅಚ್ಚೂ ಇಲ್ಲ, ತಾಯಿಮರವೂ ಇಲ್ಲ.

ಮೊದಲ ಪ್ರಶ್ನೆಗೆ ಮರಳುತ್ತೇನೆ. ಇಲ್ಲಿನ ಅಂಗಡಿಯವರನ್ನು ಕೇಳಿದರೆ ‘ಆ ಮಾಲು ಈಗ ಬರಲ್ಲ’ ಎನ್ನುತ್ತಾರೆ. ಸ್ಕೂಟರಿಗೂ ಅದೇ ಮಾತು, ಸೋಪಿಗೂ ಅದೇ. ಯಾರು ಬಿಟ್ಟರು, ಏಕೆ ಬಿಟ್ಟರು ಎಂಬುದರ ಗೊಡವೆಯಿಲ್ಲದೆ, ನಿಂತದ್ದು ಬರವು ಮಾತ್ರ, ವಸ್ತುವಲ್ಲ ಎಂಬುದನ್ನು ಆ ಮಾತು ಸರಿಯಾಗಿ ಹಿಡಿದಿದೆ. ಆದ್ದರಿಂದ ಸದ್ಯಕ್ಕೆ ‘ಬರವು ನಿಂತ ಆಟಿಕೆಗಳು’ ಎಂದು ಹೊಸ ಚೀಟಿ ಬರೆದಿದ್ದೇನೆ, ಆದರೆ ಮಳೆಯಿಲ್ಲದ ‘ಬರ’ದ ನೆರಳು ಅದರ ಮೇಲೆ ಬೀಳುವುದರಿಂದ ಅಂಟಿಸಲು ಕೈ ಬರುತ್ತಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಸದಸ್ಯರಲ್ಲಿ ನನ್ನ ಕೋರಿಕೆ ಇದು: ಶಿಡ್ಲಘಟ್ಟದ ರೇಷ್ಮೆಯವರು, ಈಗ ಮೊಟ್ಟೆ ಸಿಗದಿದ್ದರೂ ಯಾರೋ ಒಬ್ಬರು ಹಟ ಹಿಡಿದು ಸಾಕಿಕೊಂಡು ಬಂದಿರುವ ಹಳೆಯ ಹುಳುವಿನ ತಳಿಗೆ ಬೇರೆಯದೇ ಹೆಸರಿಟ್ಟು ಕರೆಯುವುದುಂಟೇ? ನೇಯುವವರಲ್ಲಿ, ಈಗ ಯಾರೂ ಕೇಳದ ಅಂಚಿನ ಸೀರೆಗೆ? ಕೇಳಿದ ಊರು, ಹೇಳಿದವರ ಕಸುಬು ಎರಡನ್ನೂ ಸೇರಿಸಿ ಬರೆದರೆ ಉಪಕಾರ. ಗೊಂಬೆಗಳನ್ನು ಇನ್ನೂ ಎತ್ತಿಟ್ಟಿಲ್ಲ, ಚೀಟಿಯ ಜಾಗ ಖಾಲಿಯಿದೆ.