ಬಾಟಲಿ ಮೇಲೆ ದೊಡ್ಡ ಹಣ್ಣಿದೆ, ಒಳಗೆ ಎಷ್ಟಿದೆ?

ಪ್ರಶ್ನೆ: ಮೇಡಂ, ನೀವು ಕ್ರೀಮ್, ಸೀರಮ್‌ಗಳ ಫಾರ್ಮುಲಾ ಮಾಡುವವರು ಅಂತ ಗೊತ್ತಾಗಿ ಕೇಳುತ್ತಿದ್ದೇನೆ. ನನ್ನ ಸೀರಮ್ ಬಾಟಲಿ ಮೇಲೆ ದೊಡ್ಡ ಕಿತ್ತಳೆ ಚಿತ್ರವಿದೆ. ‘ವಿಟಮಿನ್ ಸಿ ಇರುವ ಕಿತ್ತಳೆ ಸಾರ’ ಎಂದು ಬರೆದಿದ್ದಾರೆ. ಮುಖದ ಕಲೆ ಹೋಗಲಿ ಅಂತ ತಪ್ಪದೆ ಹಚ್ಚುತ್ತಿದ್ದೇನೆ, ಏನೂ ಬದಲಾಗಿಲ್ಲ. ಇದರಲ್ಲಿ ನಿಜವಾಗಿ ಹಣ್ಣು ಇರುತ್ತದಾ?

ಉತ್ತರ: ಇರುತ್ತದೆ. ಆದರೆ ಚಿತ್ರ ನೋಡಿ ನೀವು ಅಂದುಕೊಂಡಷ್ಟು ಇರುವುದಿಲ್ಲ.

ಹಣ್ಣನ್ನೋ ಸಿಪ್ಪೆಯನ್ನೋ ನೀರು, ಗ್ಲಿಸರಿನ್, ಗ್ಲೈಕಾಲ್ ಅಥವಾ ಆಲ್ಕೋಹಾಲ್‌ನಲ್ಲಿ ನೆನೆಸಿ, ಸೋಸಿ ಸಾರ ತೆಗೆಯುತ್ತಾರೆ. ದ್ರವ ರೂಪದ ಸಾರದಲ್ಲಿ ಸಾಮಾನ್ಯವಾಗಿ ಬಹುಪಾಲು ಆ ನೀರು, ಗ್ಲಿಸರಿನ್ನೇ. ಹಣ್ಣಿನ ಅಂಶ ಶೇ 5 ಇದೆ ಅಂದುಕೊಳ್ಳಿ. 100 ಗ್ರಾಂ ಸೀರಮ್‌ಗೆ 1 ಗ್ರಾಂ ಸಾರ ಹಾಕಿದರೆ, ಒಳಗೆ ಬಿದ್ದ ಹಣ್ಣಿನ ಅಂಶ ಬರೀ 50 ಮಿಲಿಗ್ರಾಂ.

ಇನ್ನು ವಿಟಮಿನ್ ಸಿ. ಚರ್ಮದ ಮೇಲೆ ಅದು ಕೆಲಸ ಮಾಡಬೇಕಾದರೆ ಆಸ್ಕಾರ್ಬಿಕ್ ಆಸಿಡ್ (ಶುದ್ಧ ವಿಟಮಿನ್ ಸಿಯ ಇನ್ನೊಂದು ಹೆಸರು) ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಬೇಕು. ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 3.5ಕ್ಕಿಂತ ಕಡಿಮೆ ಇರಬೇಕು (ಅಂಕಿ ಕಡಿಮೆಯಾದಷ್ಟೂ ಆಮ್ಲ ಹೆಚ್ಚು). ತಾಜಾ ಕಿತ್ತಳೆಯ 100 ಗ್ರಾಂನಲ್ಲಿ ವಿಟಮಿನ್ ಸಿ ಇರುವುದೇ ಸುಮಾರು 50 ಮಿಲಿಗ್ರಾಂ, ಅಂದರೆ ಶೇ 0.05. ಬಾಟಲಿ ತುಂಬ ಬರೀ ಕಿತ್ತಳೆ ರಸ ಸುರಿದರೂ ಆ ಮಟ್ಟ ಮುಟ್ಟುವುದಿಲ್ಲ ಅಲ್ವಾ? ಅದಕ್ಕೇ ನನಗೆ ಆ ಚಿತ್ರ ಕಂಡರೆ ಬೇಸರ. ಜನ ನಂಬಿ ತಿಂಗಳುಗಟ್ಟಲೆ ಕಾಯುತ್ತಾರೆ.

ಬಾಟಲಿ ಹಿಂದಿನ ಪಟ್ಟಿ ಓದಿ. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ಶೇ 1ಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಹೇಗೆ ಬೇಕಾದರೂ ಜೋಡಿಸಬಹುದು. ಫಿನಾಕ್ಸಿಎಥನಾಲ್ ಎಂಬ ಪ್ರಿಸರ್ವೇಟಿವ್ (ಕ್ರೀಮ್ ಕೆಡದಂತೆ ಕಾಯುವ ಅಂಶ) ಹುಡುಕಿ. ಯುರೋಪಿನ ನಿಯಮದಲ್ಲಿ ಅದಕ್ಕೆ ಶೇ 1ರ ಮಿತಿ ಇದೆ. ಹಣ್ಣಿನ ಹೆಸರುಗಳು ಅದರ ನಂತರ ಸಾಲಾಗಿ ನಿಂತಿದ್ದರೆ, ಒಂದೊಂದೂ ಶೇ 1ರೊಳಗೇ ಇರುವ ಸಾಧ್ಯತೆ ಹೆಚ್ಚು.

ಪ್ರಶ್ನೆ (ಅವರೇ): ಹಾಗಾದರೆ ಎಸೆದುಬಿಡಲಾ?

ಉತ್ತರ: ಉರಿ, ತುರಿಕೆ ಇಲ್ಲದಿದ್ದರೆ ಮುಗಿಸಿ, ಗ್ಲಿಸರಿನ್‌ನಿಂದ ಚರ್ಮಕ್ಕೆ ತೇವವಾದರೂ ಸಿಗುತ್ತದೆ. ಕಲೆಗೆ ನಯಾಸಿನಮೈಡ್, ಅಜೆಲಾಯಿಕ್ ಆಸಿಡ್ ಅಂಥವನ್ನು ನೋಡಿ. ಸನ್‌ಸ್ಕ್ರೀನ್ ಇಲ್ಲದೆ ಇವು ಯಾವುದೂ ಪೂರ್ತಿ ಫಲ ಕೊಡುವುದಿಲ್ಲ. ಕಲೆಯ ಆಕಾರ, ಬಣ್ಣ ಬದಲಾಗುತ್ತಿದ್ದರೆ ಮೊದಲು ಚರ್ಮ ವೈದ್ಯರಿಗೆ ತೋರಿಸಿ.

ಇನ್ನೊಬ್ಬ ಸದಸ್ಯೆ: ಸಾರದಲ್ಲಿ ಏನೂ ಇಲ್ಲ ಅಂದಮೇಲೆ ನಿಂಬೆರಸವನ್ನೇ ನೇರವಾಗಿ ಹಚ್ಚಿದರೆ ಒಳ್ಳೆಯದಲ್ವಾ ಮೇಡಂ?

ಉತ್ತರ: ದಯವಿಟ್ಟು ಬೇಡ. ನಿಂಬೆರಸದ ಪಿಎಚ್ ಸುಮಾರು 2, ಚರ್ಮದ್ದು ಸುಮಾರು 5. ಪಿಎಚ್‌ನಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಹಾಗಾಗಿ ಇದು ಸಾವಿರ ಪಟ್ಟು ಹೆಚ್ಚು ಆಮ್ಲೀಯ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನಿಂಬೆ ಜಾತಿಯ ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಸೊರಾಲೆನ್ ಎಂಬ ಅಂಶಗಳಿರುತ್ತವೆ. ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತೆ ಕೆಂಪಾಗಿ ಬೊಬ್ಬೆ ಏಳಬಹುದು. ಆಮೇಲೆ ಉಳಿಯುವ ಕಪ್ಪು ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಕಲೆ ತೆಗೆಯಲು ಹೋಗಿ ಹೊಸ ಕಲೆ ತಂದುಕೊಳ್ಳಬೇಡಿ.

ಮತ್ತೊಬ್ಬರು: ಹಣ್ಣಿನಿಂದ ಬಂದು ನಿಜಕ್ಕೂ ಕೆಲಸ ಮಾಡುವುದು ಯಾವುದೂ ಇಲ್ವಾ? ಪಪ್ಪಾಯಿ, ಅನಾನಸ್ ಫೇಸ್‌ವಾಶ್ ಬಗ್ಗೆ ತುಂಬಾ ಕೇಳಿದ್ದೇನೆ.

ಉತ್ತರ: ಖಂಡಿತ ಇದೆ. ಪಪ್ಪಾಯಿಯ ಪಪೇನ್, ಅನಾನಸ್‌ನ ಬ್ರೊಮಿಲೇನ್ ಎರಡೂ ಪ್ರೋಟೀನನ್ನು ಒಡೆಯುವ ಕಿಣ್ವಗಳು. ಸತ್ತ ಚರ್ಮದ ಪದರವನ್ನು ಸಡಿಲ ಮಾಡುತ್ತವೆ. ನೀರಿನಲ್ಲಿ ಬಹಳ ದಿನ ಇದ್ದರೆ ಇವುಗಳ ಶಕ್ತಿ ಕುಗ್ಗುತ್ತದೆ. ಅದಕ್ಕೇ ಬಳಸುವಾಗ ನೀರು ಬೆರೆಸುವ ಪುಡಿ ರೂಪದ್ದು ನನಗೆ ಹೆಚ್ಚು ಇಷ್ಟ. ಲೇಟೆಕ್ಸ್ (ರಬ್ಬರ್ ಮರದ ಹಾಲು) ಅಲರ್ಜಿ ಇರುವವರು ಮಾತ್ರ ಹುಷಾರು. ಅವರಲ್ಲಿ ಕೆಲವರಿಗೆ ಪಪ್ಪಾಯಿ, ಕಿವಿ, ಬಾಳೆ ಕೂಡ ಆಗಿಬರುವುದಿಲ್ಲ.

ಸೇಬಿನಲ್ಲಿರುವ ಮ್ಯಾಲಿಕ್ ಆಸಿಡ್, ದ್ರಾಕ್ಷಿಯ ಟಾರ್ಟಾರಿಕ್ ಆಸಿಡ್ ಕೂಡ ಇದೇ ಕೆಲಸದವು. ಆದರೆ ‘ಹಣ್ಣುಗಳ ಸಾರ’ ಅಂತಷ್ಟೇ ಬರೆದರೆ ಎಷ್ಟು ಆಸಿಡ್ ಇದೆ ಅಂತ ತಿಳಿಯುವುದಿಲ್ಲ. ಆಸಿಡ್ ಹೆಸರು, ಶೇಕಡಾವಾರು ಬರೆದಿರುವುದನ್ನು ಆರಿಸಿ. ಮನೆ ಬಳಕೆಗೆ ಶೇ 10ರೊಳಗೆ, ಪಿಎಚ್ 3.5ಕ್ಕಿಂತ ಕಡಿಮೆ ಇರದಂತೆ ನೋಡಿ.

ಮತ್ತೊಬ್ಬರು: ನಾನು ಪ್ರಿಸರ್ವೇಟಿವ್ ಬದಲು ಗ್ರೇಪ್‌ಫ್ರೂಟ್ ಬೀಜದ ಸಾರ ಹಾಕಿದ ಕ್ರೀಮ್ ಹುಡುಕುತ್ತಿದ್ದೇನೆ. ಸರಿ ತಾನೇ?

ಉತ್ತರ: ಬೇಡ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಸಾರದ 6 ಮಾದರಿ ಪರೀಕ್ಷಿಸಿದ್ದರು. 5ರಲ್ಲಿ ಬೆಂಜೆಥೋನಿಯಂ ಕ್ಲೋರೈಡ್ ಎಂಬ ಕೃತಕ ಪ್ರಿಸರ್ವೇಟಿವ್ ಸಿಕ್ಕಿತು. ಯಾವ ಪ್ರಿಸರ್ವೇಟಿವ್ ಕೂಡ ಇಲ್ಲದ ಆರನೆಯದು ಸೂಕ್ಷ್ಮಾಣುಗಳನ್ನು ತಡೆಯಲೇ ಇಲ್ಲ. ನೀರು, ಹಣ್ಣಿನ ಸಕ್ಕರೆ ಎರಡೂ ಇರುವ ಕ್ರೀಮಿನಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೇಗ ಬೆಳೆಯುತ್ತವೆ. ಮಿತಿಯೊಳಗೆ ಹಾಕಿದ ಸರಿಯಾದ ಪ್ರಿಸರ್ವೇಟಿವ್ ಇರುವ ಕ್ರೀಮನ್ನೇ ನಾನು ನಮ್ಮ ಮನೆಯವರಿಗೂ ಕೊಡುತ್ತೇನೆ.